ಪೆಟ್ಟಿಗೆಯಲ್ಲಿ ಬಂದ ಕಪಾಟು ಹೊಸಿಲಿಗೆ ಒಗ್ಗಿದ ಕತೆ

ಇಕ್ಕಟ್ಟಿನ ತಲೆಬಾಗಿಲಿಗೆ ಜೋಡಿಸುವ ಪೀಠೋಪಕರಣ: ಹೊಸೂರಿನ ಬಾಡಿಗೆ ಮನೆಯೊಂದರಲ್ಲಿ ನಡೆದ ಕೊಯ್ತ, ಕಟ್ಟು, ರಿಪೇರಿ

ಹೊಸೂರು: ಬೆಳಿಗ್ಗೆ ಆರೂಕಾಲು. ಫಸ್ಟ್ ಶಿಫ್ಟಿನ ಕಂಪನಿ ಬಸ್ಸು ಬಾಗಲೂರು ರಸ್ತೆಯ ತಿರುವಿಗೆ ಬರಲು ಇನ್ನು ಹತ್ತೇ ನಿಮಿಷ. ಮನೆಯ ಯಜಮಾನರಿಗೆ ಸೇಫ್ಟಿ ಶೂ ಒಂದು ಸಿಕ್ಕಿದೆ, ಇನ್ನೊಂದು ಸಿಕ್ಕಿಲ್ಲ. ಹುಡುಕಲು ಬಗ್ಗಿದರೆ ಮಗಳ ಶಾಲೆ ಚೀಲ ಅಡ್ಡ. ಚೀಲ ಎತ್ತಿದರೆ ಅದಕ್ಕೆ ಒರಗಿಸಿದ್ದ ಕೊಡೆ ಜಾರಿ ಹೆಲ್ಮೆಟ್ಟಿನ ಮೇಲೆ. ಹೆಲ್ಮೆಟ್ಟು ಉರುಳಿ ಬಾಗಿಲ ಸಂದಿಗೆ. ಬಾಗಿಲು ಅರ್ಧಕ್ಕೇ ನಿಂತಿತು. ಒಳಗಿನಿಂದ ಅಜ್ಜಿಯ ದನಿ, ‘ನೋಡ್ಕೊಂಡು ಹೋಗಪ್ಪಾ, ನನ್ ಹಂಗೆ ಬಿದ್ದೀಯ!’

ಅಜ್ಜಿ ಬಿದ್ದದ್ದು ಇದೇ ಜಾಗದಲ್ಲಿ. ಕಳೆದ ಶ್ರಾವಣದ ಒಂದು ಶುಕ್ರವಾರ ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು ಏಳುವಾಗ ಯಾರದೋ ಚಪ್ಪಲಿಯ ಉಂಗುಟಕ್ಕೆ ಬೆರಳು ಸಿಕ್ಕಿಕೊಂಡಿತು. ಗೋಡೆ ಹಿಡಿಯಲು ಹೋದ ಕೈಯೇ ಮುರಿಯಿತು. ಆರು ವಾರ ಪಟ್ಟಿ. ಪಟ್ಟಿ ಬಿಚ್ಚಿದ ಮೇಲೂ ಅಜ್ಜಿ ಸಂಜೆ ದೇವಸ್ಥಾನಕ್ಕೆ ಹೋಗುವುದನ್ನು ನಿಲ್ಲಿಸಿಬಿಟ್ಟರು. ಕೈ ನೋವಿಗಲ್ಲ, ಬಾಗಿಲು ದಾಟುವ ಭಯಕ್ಕೆ.

‘ಅತ್ತೆ ಹೊರಗೆ ಹೋಗದೇ ಮೂರು ತಿಂಗಳಾಗಿತ್ತು. ಆವಾಗ ನಾವು ತೀರ್ಮಾನ ಮಾಡಿದ್ದು, ಬಾಗಿಲ ಹತ್ರ ಏನಾದ್ರೂ ಒಂದು ವ್ಯವಸ್ಥೆ ಆಗ್ಲೇಬೇಕು ಅಂತ’ ಎನ್ನುತ್ತಾರೆ ಸೊಸೆ. ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯೊಂದರಲ್ಲಿ ಅವರು ಶಿಕ್ಷಕಿ. ಮನೆಯಲ್ಲಿ ಐದು ಜನ, ಹದಿನಾಲ್ಕು ಜೊತೆ ಮೆಟ್ಟು, ಎರಡು ಹೆಲ್ಮೆಟ್ಟು. ಇವೆಲ್ಲಕ್ಕೂ ಇರುವ ಜಾಗ ನಾಲ್ಕಡಿ ಅಗಲ, ಆರಡಿ ಉದ್ದದ ಒಂದು ಓಣಿ.

ಜಗಲಿ ಹೋಯಿತು, ಚಪ್ಪಲಿ ಉಳಿಯಿತು

ಅಜ್ಜಿಯ ತವರು ತಳಿ ಕಡೆಯ ಹಳ್ಳಿ. ಅಲ್ಲಿನ ಹಳೇ ಮನೆಗಳಲ್ಲಿ ತಲೆಬಾಗಿಲು ಅಂದರೆ ಬರೀ ಬಾಗಿಲಲ್ಲ. ಎರಡೂ ಬದಿಗೆ ಜಗಲಿ. ಕೂತು ಕಾಲು ಚಾಚಿ ಎಕ್ಕಡ ಬಿಚ್ಚುವುದಕ್ಕೆ ಅದೇ ಪೀಠ. ಜಗಲಿಯ ಕೆಳಗೆ ಮೆಟ್ಟು. ಗೋಡೆಯಲ್ಲಿ ಗೂಟ, ಅದಕ್ಕೆ ಕೊಡೆ, ಟವಲು, ಚೀಲ. ಪಕ್ಕದಲ್ಲೊಂದು ಗೂಡು, ಅದರಲ್ಲಿ ದೀಪ, ಬೀಗದ ಕೈ. ಕಾಲು ತೊಳೆಯಲು ಅಂಗಳದಲ್ಲೇ ನೀರು. ಈಗಿನ ಅಂಗಡಿಗಳು ‘ಎಂಟ್ರಿ ಯೂನಿಟ್’ ಎಂದು ಹೆಸರಿಟ್ಟು ಮಾರುವ ಸಾಮಾನು ಈ ಜಗಲಿ, ಗೂಟ, ಗೂಡುಗಳನ್ನೇ ಹಲಗೆಯಲ್ಲಿ ಮಾಡಿದ್ದು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕಲ್ಲಿನ ವಾಡೆಗಳಲ್ಲಿ ಬೆಳೆದವರಿಗೂ, ಕಾಸರಗೋಡಿನ ಚಾವಡಿ ಮನೆಗಳಿಂದ ಫ್ಲ್ಯಾಟಿಗೆ ಬಂದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರ್ಖಾನೆಗಳು ಬಂದ ಮೇಲೆ ಹೊಸೂರು ಬೆಳೆದ ರೀತಿಯೇ ಬೇರೆ. 2019ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆಯೂ ಆಯಿತು. ಮೂವತ್ತು ನಲವತ್ತಡಿ ನಿವೇಶನದಲ್ಲಿ ಮೂರು ಮಹಡಿ, ಮಹಡಿಗೆ ಎರಡು ಮನೆ. ಇಂಥಲ್ಲಿ ಮಾಲೀಕರು ಮೊದಲು ಉಳಿಸುವುದು ಮಲಗುವ ಕೋಣೆಯ ಜಾಗ, ಕಡೆಗೆ ನೆನೆಯುವುದು ಬಾಗಿಲ ಹಿಂದಿನ ಜಾಗ. ಚಪ್ಪಲಿಯನ್ನು ಹೊರಗೇ ಬಿಡೋಣವೆಂದರೆ ಮೆಟ್ಟಿಲು ಎಲ್ಲರದ್ದು. ಎದುರು ಮನೆಯವರ ಗೊಣಗಾಟ ಒಂದು ಕಡೆ, ಒಂದೊಂದೇ ಚಪ್ಪಲಿ ಕಚ್ಚಿಕೊಂಡು ಹೋಗುವ ಬೀದಿನಾಯಿ ಇನ್ನೊಂದು ಕಡೆ.

ಮೇಜಿನ ಕಾಲು ಬಿಚ್ಚಿದವರು

ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವ ಪೀಠೋಪಕರಣ ಇವತ್ತಿನದಲ್ಲ. ಸ್ವೀಡನ್ನಿನ ಐಕಿಯ ಕಂಪನಿಯ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ನೌಕರ 1950ರ ದಶಕದಲ್ಲಿ ಎಲೆಯಾಕಾರದ ಮೇಜೊಂದು ಕಾರಿನಲ್ಲಿ ಹಿಡಿಸದೆ ಅದರ ಕಾಲುಗಳನ್ನು ಬಿಚ್ಚಿ ಸಾಗಿಸಿದರಂತೆ. ಅಲ್ಲಿಂದ ಕಂಪನಿ ಇಡೀ ವ್ಯಾಪಾರವನ್ನೇ ಚಪ್ಪಟೆ ಪೆಟ್ಟಿಗೆಗೆ ತಿರುಗಿಸಿತು. ಅದೇ ಲುಂಡ್‌ಗ್ರೆನ್ 1979ರಲ್ಲಿ ವಿನ್ಯಾಸ ಮಾಡಿದ ‘ಬಿಲ್ಲಿ’ ಎಂಬ ಪುಸ್ತಕದ ಕಪಾಟು ಇಂದಿಗೂ ಮಾರಾಟದಲ್ಲಿದೆ. ಭಾರತದಲ್ಲಿ ಆ ಕಂಪನಿಯ ಮೊದಲ ಮಳಿಗೆ ತೆರೆದದ್ದು 2018ರ ಆಗಸ್ಟ್‌ನಲ್ಲಿ, ಹೈದರಾಬಾದಿನಲ್ಲಿ. ಬೆಂಗಳೂರಿನ ನಾಗಸಂದ್ರದ ಮಳಿಗೆ 2022ರ ಜೂನ್‌ನಲ್ಲಿ. ಅದಕ್ಕೂ ಮುಂಚೆಯೇ ನಮ್ಮವೇ ಆನ್‌ಲೈನ್ ಅಂಗಡಿಗಳು ಇಂಥ ಪೆಟ್ಟಿಗೆಗಳನ್ನು ಊರೂರಿಗೆ ಕಳಿಸುತ್ತಿದ್ದವು.

ಹೊಸೂರಿನವರಿಗೆ ನಾಗಸಂದ್ರ ಬೆಂಗಳೂರಿನ ಆಚೆ ತುದಿ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ದಾರಿ ಸ್ವಲ್ಪ ಸಲೀಸು. ಅತ್ತಿಬೆಲೆ ದಾಟಿ ಬೊಮ್ಮಸಂದ್ರದವರೆಗೆ ಬಸ್ಸು, ಅಲ್ಲಿಂದ ಆರ್.ವಿ. ರಸ್ತೆಗೆ ಹಳದಿ, ಆಮೇಲೆ ಹಸಿರು ಮಾರ್ಗ ಹಿಡಿದರೆ ನೇರ ನಾಗಸಂದ್ರ. ಹೋಗಿ ನೋಡಿ, ಕೂತು, ಮುಟ್ಟಿ ಬರಲು ಇದು ಸರಿ. ಆದರೆ ಐದಡಿ ಉದ್ದದ ಪೆಟ್ಟಿಗೆಯನ್ನು ಮೆಟ್ರೊಗೆ ಹತ್ತಿಸಲು ಬಿಡುವುದಿಲ್ಲ. ಸಾಮಾನು ಬರುವುದು ಡೆಲಿವರಿ ಗಾಡಿಯಲ್ಲೋ ಬಾಡಿಗೆಯ ಚೋಟಾ ಹಾತಿಯಲ್ಲೋ. ಬಿಲ್ಲು ಜೊತೆಗಿರಲಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಗಡಿಯಲ್ಲಿ ಮಾರಾಟ ತೆರಿಗೆಯ ಚೆಕ್‌ಪೋಸ್ಟ್ ಕಾಟ ತಪ್ಪಿದೆ ನಿಜ, ಆದರೂ ಹಲಗೆ ಒಡೆದಿದ್ದರೆ ಬದಲಿ ಕೇಳಲು ಆ ಚೀಟಿಯೇ ಆಧಾರ.

ಟೇಪು ಹಿಡಿಯದೆ ಕೊಂಡರೆ...

ಈ ಮನೆಯವರು ಮಾಡಿದ ತಪ್ಪನ್ನು ಅವರೇ ನಗುತ್ತಾ ಹೇಳುತ್ತಾರೆ. ಓಣಿಯ ಉದ್ದ ಅಳೆದರು, ಅಗಲ ಅಳೆದರು, ಬಾಗಿಲು ತಿರುಗುವ ಸುತ್ತಳತೆ ಬಿಟ್ಟರು.

ಲೆಕ್ಕ ಹೀಗಿದೆ. ಓಣಿಯ ಅಗಲ ನಾಲ್ಕಡಿ, ಅಂದರೆ 122 ಸೆಂಟಿಮೀಟರ್. ಉದ್ದ ಆರಡಿ, 183. ಬಾಗಿಲ ಹಲಗೆ ಮೂರಡಿ, 91. ಕೀಲು ಎಡಗೋಡೆಯ ಕಡೆ, ಬಾಗಿಲು ಒಳಕ್ಕೆ ತೆರೆಯುತ್ತದೆ. ಕಪಾಟು ಇಡಬೇಕಾದದ್ದು ಬಲಗೋಡೆಗೆ. ಕೊಂಡು ತಂದದ್ದು ಸಾಲಾಗಿ ನಾಲ್ಕು ಚೌಕವಿರುವ, ಮಲಗಿಸಿದರೆ ಬೆಂಚಿನಂತೆ ಕಾಣುವ ಕಪಾಟು. ಉದ್ದ 147, ಎತ್ತರ 42, ಆಳ 39. ಓಣಿಯ ಒಳತುದಿಗೆ ಒತ್ತಿ ಇಟ್ಟರೂ ಬಾಗಿಲ ಕಡೆ ಉಳಿಯುವುದು 36 ಸೆಂಟಿಮೀಟರ್. ಅಷ್ಟು ಆಳದ ಕಪಾಟಿಗೆ ತಗುಲದೆ ಬಾಗಿಲು ತಿರುಗಬೇಕಾದರೆ ಬೇಕಾದದ್ದು 50. ಜೋಡಿಸಿ ಇಟ್ಟ ದಿನವೇ ಬಾಗಿಲು ಹೋಗಿ ಕಪಾಟಿನ ಮೂಲೆಗೆ ಠಣ್ ಎಂದು ಬಡಿಯಿತು. ಮೊದಲು ಚಪ್ಪಲಿ ತಡೆಯುತ್ತಿತ್ತು, ಈಗ ಚಪ್ಪಲಿ ಇಡುವ ಕಪಾಟೇ ತಡೆಯಿತು.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ. ಸೀಮೆಸುಣ್ಣದಲ್ಲೋ ರಂಗೋಲಿ ಪುಡಿಯಲ್ಲೋ ನೆಲದ ಮೇಲೆ ಕಪಾಟಿನ ಚೌಕ ಬರೆದು ಬಾಗಿಲನ್ನು ಪೂರ್ತಿ ತೆರೆದು ನೋಡಬೇಕು. ಒಳಗಿನ ಕೋಣೆಯ ಬಾಗಿಲು, ಗ್ರಿಲ್ ಬಾಗಿಲು ಇದ್ದರೆ ಅವೂ ಸೇರಿ. ಕಪಾಟಿನ ಬಾಗಿಲು ತೆರೆದಾಗ ಎಲ್ಲಿಗೆ ಬರುತ್ತದೆ ಎಂಬುದನ್ನೂ ಬರೆಯಬೇಕು. ಹತ್ತು ನಿಮಿಷದ ಕೆಲಸ.

ಆಳವೇ ಮುಖ್ಯ. ಗಂಡಸರ ಬೂಟು ನೇರ ಇಡಲು 30 ಸೆಂಟಿಮೀಟರ್ ಬೇಕು. ಐಕಿಯದ ‘ಕಾಲಾಕ್ಸ್’ ಚೌಕದ ಕಪಾಟಿನ ಆಳ 39, ‘ಬಿಲ್ಲಿ’ಯದು 28. ಬಣ್ಣ ಬಳಿಯದ ಪೈನ್ ಮರದ ‘ಈವಾರ್’ 30ರಲ್ಲಿ ಸಿಗುತ್ತದೆ. ಚಪ್ಪಲಿಯನ್ನು ನಿಲ್ಲಿಸಿ ಇಡುವ, ಗೋಡೆಗೆ ನೇತುಹಾಕುವ ಪ್ಲಾಸ್ಟಿಕ್ಕಿನ ‘ಟ್ರೋನೆಸ್’ ಪೆಟ್ಟಿಗೆ ಬರೀ 18. ನಾಲ್ಕಡಿ ಓಣಿಯಲ್ಲಿ 39ಕ್ಕೂ 18ಕ್ಕೂ ಇರುವ ಅಂತರ ಅಂದರೆ ತರಕಾರಿ ಚೀಲ ಹಿಡಿದವರು ನೇರ ನಡೆಯುವುದೋ ಅಡ್ಡಡ್ಡ ನಡೆಯುವುದೋ ಅನ್ನುವಷ್ಟು. ನೋಡಲು ಚೆಂದ ಅಂತ ಆಳದ ಕಪಾಟು ತರುವವರೇ ಹೆಚ್ಚು. ಓಣಿಗೆ ತೆಳುವಾದದ್ದೇ ಚೆಂದ.

ಭಾಷೆ ಇಲ್ಲದ ಕಾಗದ

ಜೋಡಿಸುವ ಕೆಲಸ ನಡೆದದ್ದು ಭಾನುವಾರ. ಪೆಟ್ಟಿಗೆಯಲ್ಲಿ ಬಂದ ಸೂಚನೆಯ ಪುಸ್ತಕದಲ್ಲಿ ಹೆಚ್ಚುಕಡಿಮೆ ಅಕ್ಷರವೇ ಇಲ್ಲ, ಬರೀ ಚಿತ್ರ. ಮೂರು ಭಾಷೆಯ ಬೋರ್ಡು ನೋಡಿ ಬೆಳೆದ, ಯಾವ ಭಾಷೆ ಮೇಲೆ ಯಾವುದು ಕೆಳಗೆ ಎಂದು ಜಗಳ ಕೇಳಿ ಬೆಳೆದ ಊರಿಗೆ ಇದೊಂದು ವಿಶೇಷವೇ. ತಮಿಳರ ಮನೆಗೂ, ತೆಲುಗರ ಮನೆಗೂ, ಕನ್ನಡದವರ ಮನೆಗೂ ಅದೇ ಕಾಗದ. ಕನ್ನಡಕ ಹಾಕಿಕೊಂಡು ಕೂತ ಅಜ್ಜಿಯೇ, ‘ಆ ಹಲಗೆ ತಲೆಕೆಳಗಾಗೈತೆ ಕಣಪ್ಪ, ಚಿತ್ರದಾಗೆ ತೂತು ಮೇಲ್ಗಡೆ ಐತೆ’ ಎಂದು ಮಗನನ್ನು ತಿದ್ದಿದರು.

ಬಾಗಿಲಿಗೆ ಬಡಿದ ಮೇಲೆ ಆಚಾರಿಗೆ ಹೇಳಿ ಕಳಿಸಲಾಯಿತು. ಇವರು ಮೂವತ್ತು ವರ್ಷದಿಂದ ಹೊಸೂರು ಸುತ್ತಮುತ್ತ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಬಂದವರು. ಬಂದವರೇ ಕಪಾಟನ್ನು ಬೆರಳಲ್ಲಿ ತಟ್ಟಿದರು. ‘ಇದು ಮರ ಅಲ್ಲ ತಾಯಿ, ಡಬ್ಬ’ ಎಂದರು. ಅವರ ಮಾತಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು. ಬಾಗಿಲಿನ ಕೆಲಸ ರೆಡಿಮೇಡ್ ಬಾಗಿಲು ತಿಂದಿತು, ಮಂಚದ ಕೆಲಸ ಅಂಗಡಿ ತಿಂದಿತು. ಈಗ ಬೇರೆಯವರು ಮಾಡಿದ್ದನ್ನು ಜೋಡಿಸಿಕೊಡಿ, ಕತ್ತರಿಸಿಕೊಡಿ ಎಂದು ಕರೆ ಬರುತ್ತದೆ. ‘ಅದೂ ಕೆಲಸಾನೇ ಅನ್ನಿ. ಉಳಿ ಹಿಡಿದ ಕೈಗೆ ಎಲ್ ಕೀ ಕೊಟ್ಟವ್ರೆ’ ಎಂದು ನಕ್ಕರು.

ಕೊಯ್ದರೆ ಒಳಗೆ ಕಾಗದ

ಆಳವನ್ನು 39ರಿಂದ 30ಕ್ಕೆ ಇಳಿಸಿದರೆ ಬಾಗಿಲು ತಿರುಗುತ್ತದೆ ಎಂಬುದು ಆಚಾರಿಯ ಲೆಕ್ಕ. ಆಗ ಬೇಕಾಗುವ ಜಾಗ 33 ಸೆಂಟಿಮೀಟರ್, ಇರುವುದು 36. ಹಿಂಬದಿಯಿಂದ ಒಂಬತ್ತು ಸೆಂಟಿಮೀಟರ್ ಕೊಯ್ಯಬೇಕು. ಗರಗಸ ಇಟ್ಟು ಎಳೆದರು. ಹೊರಚೌಕಟ್ಟಿನ ದಪ್ಪ ಹಲಗೆಯ ಒಳಗೆ ಕಂಡದ್ದು ಜೇನುಗೂಡಿನಂಥ ರಟ್ಟಿನ ಕಾಗದ!

ಮನೆಯವರು ಮೋಸ ಹೋದೆವೆಂದು ಬೆಚ್ಚಿದರು. ಇದು ಮೋಸವಲ್ಲ. ಕಾಲಾಕ್ಸ್ ಮತ್ತು ಅದೇ ಬಗೆಯ ಕಪಾಟುಗಳ ದಪ್ಪ ಹಲಗೆಗಳನ್ನು ಮಾಡುವುದೇ ಹೀಗೆ. ಅಂಚಿನಲ್ಲಿ ಸುತ್ತ ಗಟ್ಟಿ ಪಟ್ಟಿ, ಮೇಲೆ ಕೆಳಗೆ ತೆಳು ಹಾಳೆ, ನಡುವೆ ಜೇನುಗೂಡು ಕಾಗದ. ತೂಕ ಕಡಿಮೆ, ಮರ ಉಳಿತಾಯ, ಸಾಗಿಸಲು ಸುಲಭ. ಬಳಕೆಗೆ ಸಾಲುವಷ್ಟು ಗಟ್ಟಿಯೂ ಹೌದು. ಆದರೆ ಎಲ್ಲಿ ಬೇಕೆಂದರಲ್ಲಿ ಸ್ಕ್ರೂ ಹೊಡೆದರೆ ಹಿಡಿಯುವುದಿಲ್ಲ, ಕೊಯ್ದರೆ ಅಂಚು ಪೊಳ್ಳು. ಹಲಗೆಯನ್ನು ಬೆರಳಲ್ಲಿ ತಟ್ಟಿ ನೋಡಿ, ಕೈಯಲ್ಲಿ ಎತ್ತಿ ನೋಡಿ. ಗಾತ್ರಕ್ಕೆ ತೂಕ ಕಮ್ಮಿ ಎನಿಸಿದರೆ ಒಳಗೆ ಪೊಳ್ಳು ಎಂದೇ ಅರ್ಥ. ಕೊಯ್ದು ಮಾರ್ಪಡಿಸುವ ಆಸೆ ಇದ್ದವರು ಈವಾರ್‌ನಂಥ ಗಟ್ಟಿ ಮರದ್ದನ್ನೋ, ಕೊನೆಗೆ ಪಾರ್ಟಿಕಲ್ ಬೋರ್ಡಿನದನ್ನೋ ಕೊಳ್ಳುವುದು ವಾಸಿ.

ಕೊಯ್ದಾಗಿದೆ, ಇನ್ನೇನು ಗತಿ? ಆಚಾರಿ ಪೊಳ್ಳಿನೊಳಗಿನ ಕಾಗದವನ್ನು ಒಂದಿಂಚು ಒಳಕ್ಕೆ ತಳ್ಳಿದರು. ಅದೇ ದಪ್ಪಕ್ಕೆ ಸರಿಯಾಗಿ ತೋಪಡ ಹೊಡೆದ ಮರದ ಪಟ್ಟಿಯನ್ನು ಫೆವಿಕಾಲ್ ಹಚ್ಚಿ ಸಂದಿಗೆ ಸೇರಿಸಿ, ಶಿಕಂಜ ಹಾಕಿ ಒಂದು ರಾತ್ರಿ ಬಿಟ್ಟರು. ಮಾರನೇ ದಿನ ಅಂಚು ಕಲ್ಲಿನಂತೆ. ಹಿಂದಿನ ಸಾಲಿನ ಗೂಟದ ತೂತುಗಳು ಕೊಯ್ತದಲ್ಲಿ ಹೋಗಿದ್ದವು. ಹೊಸ ಪಟ್ಟಿಯಲ್ಲಿ ಅವನ್ನು ಮತ್ತೆ ಕೊರೆದರು. ಕೊಯ್ದ ಬದಿ ಗೋಡೆಗೆ ಬರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಆದರೂ ಪಿವಿಸಿ ಎಡ್ಜ್ ಪಟ್ಟಿ ಅಂಟಿಸಲೇಬೇಕೆಂದು ಆಚಾರಿಯ ಹಟ. ಗೋಡೆಯ ತೇವ ಮೊದಲು ಹತ್ತುವುದು ಅಲ್ಲಿಗೇ ಎಂಬುದು ಅವರ ಕಾರಣ.

ಕೃಷ್ಣಗಿರಿ ಕಲ್ಲಿನ ಪಾದ

ಇಂಥ ಕಪಾಟುಗಳು ಹುಟ್ಟಿದ ದೇಶದಲ್ಲಿ ನೆಲಕ್ಕೆ ನೀರು ಸುರಿದು ಒರೆಸುವ ರೂಢಿಯಿಲ್ಲ. ನಮ್ಮಲ್ಲಿ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ. ಬಾಗಿಲ ಬಳಿಯಂತೂ ಹೊಸಿಲು ತೊಳೆದ ನೀರು ಒಳಕ್ಕೂ ಹರಿಯುತ್ತದೆ. ಪಾರ್ಟಿಕಲ್ ಬೋರ್ಡು ಎಂದರೆ ಮರದ ಹೊಟ್ಟು, ಚಕ್ಕೆಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅಂಚಿನಿಂದ ನೀರು ಹೀರಿದರೆ ನೆನೆದ ಬಿಸ್ಕತ್ತಿನ ಹಾಗೆ ಊದುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಎಂಡಿಎಫ್ ಕತೆಯೂ ಹೆಚ್ಚು ಬೇರೆಯಲ್ಲ. ಬಾಗಿಲ ಬಳಿ ಇಟ್ಟ ಅಗ್ಗದ ಕಪಾಟು ಮೊದಲು ಕೆಡುವುದು ಬುಡದಲ್ಲೇ.

ಬುಡ ಎತ್ತರಿಸಬೇಕು. ಎಷ್ಟು? ಎರಡಿಂಚು ಕಾಲು ಕೊಟ್ಟು, ಮೇಲೆ ಕೂರಲು ಪ್ಲೈ ಹಾಕಿದರೆ ಬೆಂಚು 49 ಸೆಂಟಿಮೀಟರ್ ಆಗುತ್ತದೆ. ಅಜ್ಜಿ ಕುಳ್ಳಗಿದ್ದಾರೆ, ಕೂತರೆ ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಕಾಲು ಊರದೆ ಏಳುವುದೆಂದರೆ ಮತ್ತೆ ಬೀಳುವುದೇ. ಆಚಾರಿಗೆ ಉಪಾಯ ಹೊಳೆದದ್ದು ಬೀದಿ ಕೊನೆಯ ಗ್ರಾನೈಟ್ ಅಂಗಡಿಯಲ್ಲಿ. ಕೃಷ್ಣಗಿರಿ ಜಿಲ್ಲೆ ಕಲ್ಲಿನ ಸೀಮೆ. ಅಡುಗೆಮನೆ ಕಟ್ಟೆಗೆ ಕೊಯ್ದು ಮಿಕ್ಕ ಗ್ರಾನೈಟ್ ಪಟ್ಟಿಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಎರಡು ಸೆಂಟಿಮೀಟರ್ ದಪ್ಪದ ಮೂರು ಪಟ್ಟಿ ತಂದು ಅಡ್ಡಡ್ಡ ಇಟ್ಟು, ತೆಳು ರಬ್ಬರ್ ಹಾಳೆ ಹಾಸಿ, ಮೇಲೆ ಕಪಾಟು ಕೂರಿಸಿದರು. ನೀರು ಬಂದರೂ ಕಲ್ಲಿನ ನಡುವೆ ಹರಿದು ಹೋಗುತ್ತದೆ. ಕಲ್ಲು 2, ಕಪಾಟು 42, ಪ್ಲೈ 1.8. ಒಟ್ಟು 46 ಸೆಂಟಿಮೀಟರಿಗೆ ತುಸು ಕಡಿಮೆ. ಅಜ್ಜಿ ಕೂತು ನೋಡಿ, ಎದ್ದು ನೋಡಿ, ಒಪ್ಪಿದರು.

ಮೇಲಿನ ಆ ಪ್ಲೈ ಬರೀ ಅಂದಕ್ಕಲ್ಲ. ಪುಸ್ತಕ ಇಡಲು ಮಾಡಿದ ಪೊಳ್ಳು ಹಲಗೆಯ ಮೇಲೆ ದಿನಾ ಜನ ಕೂರುವುದು ಸರಿಯಲ್ಲ. 18 ಮಿಲಿಮೀಟರ್ ಪ್ಲೈವುಡ್ ಹಾಕಿದರೆ ಭಾರ ಎಲ್ಲ ಅಡ್ಡಹಲಗೆಗಳಿಗೂ ಹಂಚಿಹೋಗುತ್ತದೆ. ಮೂರನೇ ಕಲ್ಲಿನ ಪಟ್ಟಿ ನಟ್ಟನಡುವಿನ ಅಡ್ಡಹಲಗೆಯ ಕೆಳಗೇ ಬರಬೇಕು. ಪ್ಲೈ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆ ನೋಡಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದು, ಅದರಲ್ಲೂ ಬಿಡಬ್ಲ್ಯುಆರ್ ಎಂದಿದ್ದರೆ ನೀರಿಗೆ ಹೆಚ್ಚು ತಾಳುತ್ತದೆ. ಐಎಸ್ 710 ಮೆರೈನ್ ಪ್ಲೈ. ವರ್ಷಕ್ಕೆ ನಾಲ್ಕು ತಿಂಗಳು ಜಡಿಮಳೆ ಕಾಣುವ ಕಾಸರಗೋಡು, ವಯನಾಡಿನವರು ಬಾಗಿಲ ಬಳಿಗೆ ಇದಕ್ಕಿಂತ ಕಡಿಮೆಯದನ್ನು ಹಾಕದಿರುವುದೇ ಲೇಸು. ಹೊಸೂರಿನ ಹವಕ್ಕೆ ಬಿಡಬ್ಲ್ಯುಆರ್ ಸಾಕು.

ಬೀರುವಿನ ಆಸೆ ಬಿಡಿಸಿದ ಮಾತು

ಮೊದಲು ಮನೆಯವರಿಗೆ ಇದ್ದದ್ದು ಬೆಂಚಿನ ಯೋಚನೆಯಲ್ಲ. ಎದೆಯೆತ್ತರದ, ಐದಾರು ಡ್ರಾಯರಿನ ಬೀರು ತರೋಣ, ಜಾಗ ಕಡಿಮೆ ಸಾಮಾನು ಹೆಚ್ಚು ಎಂದುಕೊಂಡಿದ್ದರು. ಅದನ್ನು ತಪ್ಪಿಸಿದ್ದು ಮೂರೂವರೆ ವರ್ಷದ ಮೊಮ್ಮಗ. ಹುಡುಗ ಸಿಕ್ಕಿದ್ದನ್ನೆಲ್ಲ ಹತ್ತುತ್ತಾನೆ. ಡ್ರಾಯರುಗಳನ್ನು ಎಳೆದು ಮೆಟ್ಟಿಲಿನಂತೆ ಹತ್ತಿದರೆ ಬೀರು ಮುಂದಕ್ಕೆ ಮಗುಚುತ್ತದೆ.

ಇದು ಬರೀ ಹೆದರಿಕೆಯಲ್ಲ. ಬೀರು ಮಗುಚಿ ಮಕ್ಕಳು ಸತ್ತ ಪ್ರಕರಣಗಳ ನಂತರ 2016ರ ಜೂನ್‌ನಲ್ಲಿ ಅಮೆರಿಕದಲ್ಲಿ ಐಕಿಯ ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ವಾಪಸು ಕರೆಯಿತು. ಇಂಥ ಬೀರುಗಳು ಸುಲಭಕ್ಕೆ ಮಗುಚದಂತೆ ಇರಬೇಕೆಂದು ಅಲ್ಲಿ 2022ರ ಡಿಸೆಂಬರಿನಲ್ಲಿ ಕಾನೂನೇ ಬಂತು. ಪೆಟ್ಟಿಗೆಯಲ್ಲಿ ಗೋಡೆಗೆ ಬಿಗಿಯುವ ಪಟ್ಟಿಯೋ ಎಲ್ ಆಂಗಲ್ಲೋ ಬಂದಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಪೆಟ್ಟಿಗೆಯ ಜೊತೆಗೇ ರದ್ದಿಗೆ ಹಾಕುತ್ತಾರೆ. ಬಾಡಿಗೆ ಮನೆಯಾದರೆ ಗೋಡೆಗೆ ತೂತು ಕೊರೆದರೆ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆಂಬ ಅಂಜಿಕೆ ಬೇರೆ. ಮಕ್ಕಳಿರುವ ಮನೆಯಲ್ಲಿ ಎತ್ತರದ ಕಪಾಟನ್ನು ಗೋಡೆಗೆ ಬಿಗಿಯಲು ಆಗುವುದಿಲ್ಲ ಎಂದಾದರೆ ಅದನ್ನು ತರುವುದೇ ಬೇಡ. ಬೆಂಚಿನ ಎತ್ತರದ್ದು ಸಾಕು.

ನಾಲ್ಕೇ ತೂತು

ಬೆಂಚಿಗೆ ಗೋಡೆ ಬೇಕಿರಲಿಲ್ಲ, ಆದರೆ ಗೂಟಗಳಿಗೆ ಬೇಕಿತ್ತು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟು 30 ಸೆಂಟಿಮೀಟರ್ ಆಳದ ಚೌಕದಲ್ಲಿ ಕೂರದೆ ಮೂತಿ ಹೊರಗೆ ಚಾಚುತ್ತದೆ. ಕೊಡೆಗೂ ನೇತಾಡುವುದೇ ಸರಿ. ಸೊಸೆ ಕೆಳಗಿನ ಮನೆಯ ಮಾಲೀಕರ ಬಳಿ ಹೋದರು. ಮಾಲೀಕರು ತಮಿಳಿನಲ್ಲಿ, ಇವರು ಕನ್ನಡದಲ್ಲಿ, ನಡುವೆ ಇಬ್ಬರಿಗೂ ಬರುವ ತೆಲುಗಿನಲ್ಲಿ ಮಾತು ನಡೆದು ಒಪ್ಪಂದವಾಯಿತು. ನಾಲ್ಕೇ ತೂತು. ಬಿಟ್ಟು ಹೋಗುವಾಗ ಪುಟ್ಟಿ ಮೆತ್ತಿ ಬಣ್ಣ ಹಚ್ಚಬೇಕು.

ನಾಲ್ಕು ಸ್ಕ್ರೂಗಳಲ್ಲಿ ಒಂದು ಉದ್ದ ಹಲಗೆ, ಆ ಹಲಗೆಗೆ ಎಂಟು ಗೂಟ. ಗೋಡೆಗೆ ನಾಲ್ಕೇ ಪೆಟ್ಟು, ನೇತುಹಾಕಲು ಎಂಟು ಜಾಗ. ಹಲಗೆ ಎಲ್ಲಿ ಎಂಬುದಕ್ಕೂ ಯೋಚನೆ ಬೇಕು. ಬಾಗಿಲ ಪಕ್ಕದಲ್ಲಿ ಸ್ವಿಚ್ ಬೋರ್ಡು, ಕರೆಗಂಟೆಯ ತಂತಿ, ಹಲವು ಮನೆಗಳಲ್ಲಿ ಎಂಸಿಬಿ ಡಬ್ಬವೂ ಅಲ್ಲೇ. ಗೋಡೆಯೊಳಗಿನ ಪೈಪು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಆ ಸಾಲಿನಲ್ಲಿ ಡ್ರಿಲ್ ಇಡಬಾರದು. ಎಂಸಿಬಿ ಡಬ್ಬದ ಮುಂದೆ ಏನನ್ನೂ ನಿಲ್ಲಿಸಬಾರದು. ಹೊಸ ಕಟ್ಟಡಗಳಲ್ಲಿ ಹಾಲೊ ಬ್ಲಾಕ್ ಗೋಡೆ ಇದ್ದರೆ ಸಾದಾ ಗಿಟ್ಟಿ ನಿಲ್ಲುವುದಿಲ್ಲ, ಪೊಳ್ಳು ಗೋಡೆಗೆಂದೇ ಇರುವ ಪ್ಲಗ್ ಕೇಳಿ ತರಬೇಕು. ಈ ಮನೆಯ ಗೋಡೆ ಗಟ್ಟಿ ಇಟ್ಟಿಗೆಯದು, ಬಚಾವಾಯಿತು. ಮಗಳಿಗೆಟಕುವಂತೆ ಬೇರೊಂದು ಗೂಟ ಬೇಕೆಂದಾಗ ಐದನೇ ತೂತಿನ ಪ್ರಶ್ನೆ ಬಂತು. ಆಚಾರಿ ಅದನ್ನು ಬೆಂಚಿನ ಒಳತುದಿಯ ಬದಿಗೆ ಹಾಕಿ ಮುಗಿಸಿದರು. ಚೀಲ ಈಗ ಅಲ್ಲಿ ತೂಗುತ್ತದೆ.

ಹದಿನಾಲ್ಕು ಜೊತೆ ಎಲ್ಲಿ?

ಚೌಕದ ಒಳಗಳತೆ 33 ಸೆಂಟಿಮೀಟರ್. ಅದರಲ್ಲಿ ಸುಮ್ಮನೆ ಬೂಟು ಇಟ್ಟರೆ ಮೇಲಿನ ಅರ್ಧ ಖಾಲಿ. ಎರಡು ಚೌಕಗಳಿಗೆ 12 ಮಿಲಿಮೀಟರ್ ಪ್ಲೈನ ಅಡ್ಡ ಹಲಗೆ ಹಾಕಿ ಎರಡಂತಸ್ತು ಮಾಡಲಾಯಿತು. ಆದರೂ ಆರೇಳು ಜೊತೆಗಿಂತ ಹೆಚ್ಚು ಹಿಡಿಸುವುದಿಲ್ಲ. ಯಾವ ಕಪಾಟೂ ಇದನ್ನು ಬಗೆಹರಿಸದು. ದಿನ ಬಳಸುವುದು ಮಾತ್ರ ಇಲ್ಲಿ, ಮದುವೆ ಮುಂಜಿಯ ಚಪ್ಪಲಿ ರಟ್ಟಿನ ಡಬ್ಬದಲ್ಲಿ ಅಟ್ಟಕ್ಕೆ ಎಂದು ಸೊಸೆ ಕಟ್ಟಪ್ಪಣೆ ಮಾಡಿದರು. ಎರಡು ಜೊತೆ ಯಾರದೆಂದೇ ಗೊತ್ತಾಗಲಿಲ್ಲ.

ಬೂಟಿನ ಚೌಕಕ್ಕೆ ಪೂರ್ತಿ ಮುಚ್ಚುವ ಬಾಗಿಲು ಹಾಕಿದರೆ ವಾಸನೆ. ಶಿಫ್ಟ್ ಮುಗಿಸಿ ಬಂದ ಸೇಫ್ಟಿ ಶೂಗೆ ಗಾಳಿ ಬೇಕೇಬೇಕು. ಮರದ ಚೌಕಟ್ಟಿಗೆ ಬೆತ್ತದ ಹೆಣಿಗೆ ಜಾಲರಿ ಬಿಗಿದು ಎರಡು ಪುಟ್ಟ ಬಾಗಿಲು ಮಾಡಿದರು ಆಚಾರಿ. ಇಡೀ ಕಪಾಟಿಗೆ ಕಳೆ ಬಂದದ್ದು ಇದರಿಂದಲೇ. ಶೂ ಕೆಳಗೆ ಹಳೇ ಸ್ಟೀಲು ತಟ್ಟೆ, ಎಣ್ಣೆ ಕೊಳೆ ಹಲಗೆಗೆ ಹತ್ತದಂತೆ. ಖರ್ಚು ಜಾಸ್ತಿ ಅನ್ನುವವರು ಜಾಲರಿಯ ಬದಲು ಪರದೆ ಇಳಿಬಿಡಬಹುದು. ಸೊಲ್ಲಾಪುರದ ನೆಂಟರು ತಂದುಕೊಟ್ಟ ಚದ್ದರ ಮೂಲೆಯಲ್ಲಿ ಮಡಚಿ ಬಿದ್ದಿದ್ದರೆ ಅದನ್ನೇ ನಾಲ್ಕು ಮಡಿಕೆ ಮಾಡಿ ಬೆಂಚಿನ ಮೇಲೆ ಹಾಸಿದರೂ ಸೊಗಸು. ಈ ಮನೆಯಲ್ಲಿ ಹಾಸಿರುವುದು ಅದನ್ನೇ.

ಬೆಂಚು ಹೊಸಿಲಿಗೆ ತೀರ ಅಂಟಿಲ್ಲ ಎಂಬುದು ಅಜ್ಜಿಗೆ ದೊಡ್ಡ ಸಮಾಧಾನ. ಬಾಗಿಲು ತಿರುಗಲೆಂದು ಬಿಟ್ಟ ಆ 36 ಸೆಂಟಿಮೀಟರಿನಲ್ಲಿ ಅವರ ಶುಕ್ರವಾರದ ರಂಗೋಲಿಯೂ ಹಿಡಿಸುತ್ತದೆ.

ಒಟ್ಟು ಖರ್ಚಿನಲ್ಲಿ ಆಚಾರಿಯ ಕೂಲಿ, ಪ್ಲೈ, ಬೆತ್ತ ಎಲ್ಲ ಸೇರಿ ಕಪಾಟಿನ ಬೆಲೆಯ ಹತ್ತಿರಹತ್ತಿರವೇ ಆಯಿತು. ಮೊದಲೇ ಆಚಾರಿಗೆ ಹೇಳಿ ಮಾಡಿಸಿದ್ದರೆ? ‘ನನಗೇ ಹೇಳಿದ್ರೆ ಇದೇ ದುಡ್ಡಿಗೆ ಗಟ್ಟಿ ಪ್ಲೈನಲ್ಲಿ ಮಾಡ್ಕೊಡ್ತಿದ್ದೆ. ಆದ್ರೆ ಮನೆ ಖಾಲಿ ಮಾಡೋವಾಗ ಬಿಚ್ಚಿ ಒಯ್ಯೋಕಾಗ್ತಿರ್ಲಿಲ್ಲ’ ಎಂದು ಆಚಾರಿಯೇ ಒಪ್ಪುತ್ತಾರೆ. ಬಾಡಿಗೆ ಮನೆಯವರಿಗೆ ಆ ಬಿಚ್ಚುವಿಕೆಯೇ ಲಾಭ. ಅರ್ಧ ಸುತ್ತು ತಿರುಗಿಸಿದರೆ ಬಿಗಿಯುವ ಆ ದುಂಡು ಬೀಗಗಳು ಅರ್ಧ ಸುತ್ತಿಗೇ ಬಿಡುತ್ತವೆ. ಪದೇಪದೇ ಬಿಚ್ಚಿ ಕಟ್ಟಿದರೆ ಮಾತ್ರ ತೂತು ಸಡಿಲವಾಗುತ್ತದೆ. ಸಡಿಲವಾದ ತೂತಿಗೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕುವುದು ಹಳೇ ಉಪಾಯ, ಇಲ್ಲೂ ನಡೆಯುತ್ತದೆ.

ಕೆಲಸ ಮುಗಿದ ಮರುದಿನ ಮಾಲೀಕರು ಮೇಲೆ ಬಂದರು. ತೂತು ಎಣಿಸಿದರು, ನಾಲ್ಕೇ ಇದ್ದವು. ಬೆಂಚಿನ ಮೇಲೆ ಕೂತು ತಮ್ಮ ಚಪ್ಪಲಿ ಹಾಕಿಕೊಳ್ಳುತ್ತಾ ಆಚಾರಿಯ ಫೋನ್ ನಂಬರು ಕೇಳಿಕೊಂಡು ಹೋದರು. ಅವರ ಮನೆಯಲ್ಲೂ ಮೆಟ್ಟಿಲ ಕೆಳಗೆ ಅಂಥದ್ದೇ ರಾಶಿಯಂತೆ.

ಅಜ್ಜಿ ಈಗ ಸಂಜೆ ಐದೂವರೆಗೆ ಬೆಂಚಿನ ಮೇಲೆ ಕೂರುತ್ತಾರೆ. ಒಂದು ಕೈ ಹಲಗೆಗೆ ಊರಿ, ಇನ್ನೊಂದು ಕೈಯಲ್ಲಿ ಚಪ್ಪಲಿ ಮೆಟ್ಟಿ, ಗೂಟದಿಂದ ಊರುಗೋಲು ತೆಗೆದುಕೊಂಡು ಬಾಗಿಲು ಪೂರ್ತಿ ತೆರೆಯುತ್ತಾರೆ. ‘ದೇವಸ್ಥಾನಕ್ಕೆ ಹೋಗ್ಬಿಟ್ಟು ಬರ್ತೀನಿ ಕಣಮ್ಮ, ಹಾಲು ಉಕ್ಕೀತು ನೋಡ್ಕೊ’ ಎಂದು ಸೊಸೆಗೆ ಕೂಗಿ ಹೇಳಿ ಮೆಟ್ಟಿಲಿಳಿಯುತ್ತಾರೆ.